ಭಾನುವಿನ ಮಾತಿಗೆ ಅಕ್ಷರ

"ಆ ಹಾರ ತಗ್ದುಬುಡಿ ಸ್ವಾಮಿ," ಎಂದ ಕೆಂಚಯ್ಯ.

ಉದಯಶಂಕರನ ಕೈ ಮೌಸಿನ ಮೇಲೇ ನಿಂತಿತು. ಕಂಪ್ಯೂಟರಿನ ಪರದೆಯ ಮೇಲೆ ಹದಿನೆಂಟರ ಹುಡುಗಿಯ ಫೋಟೊ. ಅದಕ್ಕೆ ಅವನು ಅರ್ಧ ಗಂಟೆ ಕೂತು ಹಾಕಿದ ಮಲ್ಲಿಗೆ ಹಾರ, ಪಕ್ಕದಲ್ಲಿ ಉರಿಯುವ ದೀಪ. ಕನಕಪುರ ಬಸ್ ನಿಲ್ದಾಣದ ಎದುರಿನ ಅವನ ಸ್ಟುಡಿಯೊದಲ್ಲಿ ಮದುವೆಯ ಸೀಡಿಯೂ ತಯಾರಾಗುತ್ತಿತ್ತು, ತಿಥಿಯ ಸೀಡಿಯೂ ತಯಾರಾಗುತ್ತಿತ್ತು. ಹಾರ ಬೇಡವೆಂದವರನ್ನು ಅವನು ಈವರೆಗೆ ಕಂಡಿರಲಿಲ್ಲ. ಹೆತ್ತವರ ಸಂಕಟ ಹೆತ್ತವರಿಗೇ ಗೊತ್ತು ಎಂದುಕೊಂಡು ಹಾರ ತೆಗೆದ. ದೀಪವನ್ನೂ ತೆಗೆದ.

ಕೆಂಚಯ್ಯ ಕೋಡಿಹಳ್ಳಿ ಕಡೆಯವನು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಮಗಳು ಭಾನುಪ್ರಿಯ ಒಬ್ಬಳೇ. ಹಾರೋಹಳ್ಳಿಯ ಹೊಸ ಕಾರ್ಖಾನೆಯೊಂದರಲ್ಲಿ ಮೂಟೆ ಹೊರುತ್ತಿದ್ದ. ಹೋದ ವಾರ ಶಿಫ್ಟು ಮುಗಿಸಿ, ಊರಿನ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಮೆಟ್ಟಿಲು ಹತ್ತಿ ಬಂದು ಹಳೆಯ ಕ್ಯಾಸೆಟ್ಟೊಂದನ್ನೂ ಮಗಳ ಫೋಟೊವನ್ನೂ ಮೇಜಿನ ಮೇಲಿಟ್ಟಿದ್ದ.

"ಮಗಳ ದನಿ ಐತೆ ಇದ್ರಲ್ಲಿ. ಮದ್ವೆ ಸೀಡೀಲಿ ಹೆಸ್ರು ಕುಣ್ಕಂಡು ಬತ್ತದಲ್ಲ, ಹಂಗೆ ಅವಳಾಡಿದ ಮಾತೆಲ್ಲ ಅಕ್ಷರ ಆಗಿ ಬರ್ಬೇಕು. ಟೇಪು ಸವ್ದೋಗೈತೆ. ಕಿತ್ತೋದ್ರೆ ನಂಗೆ ಬ್ಯಾರೆ ದಾರಿ ಇಲ್ಲ."

ಮಾತಿಗೊಮ್ಮೆ ಅಂಗಿಯ ಜೇಬು ಮುಟ್ಟಿಕೊಳ್ಳುತ್ತಿದ್ದ.

ಉದಯಶಂಕರ ಟೇಪು ಹಾಕಿ ಕೇಳಿದ. ಹುಡುಗಿ ಆಟಕ್ಕೆಂದು ಮನೆಯನ್ನೆಲ್ಲ ಸುತ್ತಿ ಮಾತಾಡಿದ್ದಳು. "ಇದು ನಮ್ಮ ಒಲೆ. ಇದು ಒನಕೆ. ಅಗೋ, ಕೆಂಪಿ ಕರು ಬೆದರಿ ಓಡ್ತು. ಇವನು ನಮ್ಮಪ್ಪ, ಗೊರಕೆ ಹೊಡೀತಾವ್ನೆ, ಎಲ್ರೂ ಕೇಳ್ರಪ್ಪ." ಆಮೇಲೆ ತಡೆಯಲಾರದ ನಗು. ಉದಯಶಂಕರ ಟೇಪು ಹಿಂದಕ್ಕೆ ಸುತ್ತಿ ಮತ್ತೊಮ್ಮೆ ಕೇಳಿದ. ನಾಲ್ಕು ದಿನ ಬೇರೆ ಕೆಲಸ ಮುಟ್ಟಲಿಲ್ಲ. 'ಓಡ್ತು' ಎನ್ನುವ ಮಾತನ್ನು ಪರದೆಯ ಆಚೆಗೇ ಓಡಿಸಿದ. 'ಗೊರಕೆ' ಉಬ್ಬಿ ಇಳಿಯುವಂತೆ ಮಾಡಿದ. ಅವಳ ನಗು ಚೂರುಚೂರಾಗಿ ಹಾರಿ ಫೋಟೊದ ಮೇಲೆ ಉದುರಿತು. ತನ್ನ ಕೈಚಳಕಕ್ಕೆ ತಾನೇ ಬೆರಗಾದ.

ಈಗ ಕೆಂಚಯ್ಯ ಅದನ್ನೆಲ್ಲ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನೋಡಿದ.

"ಚೆಂದಾಗೈತೆ. ಆದ್ರೆ ಓಡಿಸ್ಬ್ಯಾಡಿ ಸ್ವಾಮಿ. ಒಸಿ ನಿಲ್ಸಿ. ಅವಳು ಒಲೆ ಅಂದಾಗ ಒಲೆ ಬರ್ಲಿ, ಅಪ್ಪ ಅಂದಾಗ ಅಪ್ಪ. ನಾನು ಕಣ್ತುಂಬ ನೋಡೋಗಂಟ ಅಲ್ಲೇ ಇರ್ಲಿ."

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದು ಉದಯಶಂಕರ ಒಳಗೇ ಸಿಡುಕಿದ. ಮರುಗಳಿಗೆ ತನ್ನ ಸಿಡುಕಿಗೆ ತಾನೇ ನಾಚಿದ. ಸತ್ತ ಮಗಳ ಮಾತು ಓಡಿಹೋಗದಿರಲಿ ಎಂದು ಯಾವ ತಂದೆ ಬಯಸುವುದಿಲ್ಲ? ಎಲ್ಲವನ್ನೂ ಅಳಿಸಿ ಮತ್ತೆ ಕೂತ. ಅವಳ ದನಿ ತಾಗಿದ ಅಕ್ಷರ ಒಂದೊಂದಾಗಿ ಕೆಂಪೇರುವಂತೆ, ಕೆಂಪೇರಿ ಅಲ್ಲೇ ನಿಲ್ಲುವಂತೆ ಮಾಡಿದ.

ಸೀಡಿ ಒಯ್ಯಲು ಕೆಂಚಯ್ಯ ಬಂದ ದಿನ ಮೇಜಿನ ಮೇಲೆ ಎರಡಿದ್ದವು. ಒಂದರ ಮೇಲೆ 'ಶಾಂಭವಿ ಮದುವೆ', ಇನ್ನೊಂದರ ಮೇಲೆ ದಪ್ಪಕ್ಷರದಲ್ಲಿ 'ಭಾನುಪ್ರಿಯ'.

"ನಮ್ದ್ಯಾವ್ದು?" ಎಂದ.

ಕಣ್ಣಿಗೆ ನೀರು ತುಂಬಿದೆ ಪಾಪ ಎಂದು ಉದಯಶಂಕರ ತಾನೇ ಎತ್ತಿಕೊಟ್ಟ.

ನಾಲ್ಕು ತಿಂಗಳ ಮೇಲೆ ಕೆಂಚಯ್ಯ ಮತ್ತೆ ಮೆಟ್ಟಿಲು ಹತ್ತಿ ಬಂದ. ಸೊರಗಿಹೋಗಿದ್ದ. ಕುರ್ಚಿ ತೋರಿಸಿದರೂ ಕೂರಲಿಲ್ಲ. ಜೇಬಿನಿಂದ ಬೆವರಿಗೆ ಹಳದಿಯಾಗಿ ಮಡಿಕೆಯಲ್ಲಿ ಹರಿದಿದ್ದ ಕಾಗದವೊಂದನ್ನು ತೆಗೆದ.

"ದಿನಾ ಸಂಜೆ ಸೀಡಿ ಹಾಕ್ಕಂಡು ಕೂತೆ ಸ್ವಾಮಿ. ಅವಳ ಮಾತು ಬಾಯಿಪಾಠ ಇತ್ತು. ದನಿ ಹಿಡ್ಕಂಡು ಅಕ್ಷರ ಕಲ್ತೆ. ಅದ್ರಲ್ಲಿ ಇಲ್ದೇ ಇದ್ದದ್ದ ಬಸ್ಸಿನ ಬೋರ್ಡ್ ನೋಡಿ ಕಲ್ತೆ. ನಿನ್ನೆ ಇದು ಓದಕ್ಕೆ ಬಂತು."

"ಏನಿದು?"

"ಭಾನು ಮನೆ ಬುಟ್ಟೋದ ದಿನ ಒಲೆ ಮೇಲಿಟ್ಟಿದ್ದ ಚೀಟಿ. ಒಂದು ವರ್ಷದ ಮ್ಯಾಲಾಯ್ತು."

ಉದಯಶಂಕರ ಕುರ್ಚಿಯಿಂದೆದ್ದ. "ಹಾಗಾದ್ರೆ ಅವಳು ಬದುಕಿದಾಳಾ ಕೆಂಚಯ್ಯನವರೇ?"

"ಎಲ್ಲವ್ಳೋ. ಮಗಳು ಓಡೋದ್ಲು ಅನ್ನೋ ಚೀಟೀನ ಯಾರ ಕೈಲಿ ಓದ್ಸಲಿ? ಊರಿಗೆಲ್ಲ ಗೊತ್ತಾದ್ರೆ ಮಾನ ಹೋಯ್ತದೆ ಅಂತ ಜೇಬಲ್ಲೇ ಇಟ್ಕಂಡೆ. ನಾನು ಹೊಸ್ದಾಗಿ ಕಲ್ತೋನು, ತಪ್ಪು ಓದಿರ್ತೀನಿ. ನೀವೊಂದ್ಸಲ ಓದಿ. ತಪ್ಪು ಅಂತ ಹೇಳಿ ಸ್ವಾಮಿ."

ಉದಯಶಂಕರ ಚೀಟಿ ಬಿಡಿಸಿದ. ಕೆಂಚಯ್ಯ ಅವನ ಬಾಯನ್ನೇ ನೋಡುತ್ತ ನಿಂತ.

'ಅಪ್ಪಾ, ಇದನ್ನ ಯಾರ ಕೈಲಾದ್ರೂ ಇವತ್ತೇ ಓದಿಸ್ಕೊ. ಸಂಜೆ ರೈಲು ಬರೋವರೆಗೂ ರಾಮನಗರ ಸ್ಟೇಷನ್ನಲ್ಲಿ ಕೂತಿರ್ತೀನಿ, ನೀನು ಬಂದು ಕರೆದ್ರೆ ಮನೆಗೆ ಬಂದುಬಿಡ್ತೀನಿ.'