ಏಳು ವರ್ಷದ ಬಲಗೈ

"ಏಳು ವರ್ಷದ ಕರಾರು ಕಣಯ್ಯಾ! ಆ ಬಲಗೈಗೆ ಮುತ್ತು ಕೊಡ್ಬೇಕು," ಎಂದು ಕರಾರು ಕುದುರಿಸಿದ್ದ ಏಜೆಂಟ್ ಹ್ಯಾಸ್ಕೆಲ್ ಅಡುಗೆಮನೆಯ ಮೇಜು ಗುದ್ದಿದ. ಬೇಸ್‌ಬಾಲ್ ಎಸೆತಗಾರ ಎಲಾದಿಯೊ ನಗಲಿಲ್ಲ. ಹಳೆಯ ತಂಡ ಕೊಡಲು ಬಂದ ಎರಡು ವರ್ಷದ ಕರಾರನ್ನು ಅವನು ಬೇಡವೆಂದಿದ್ದ. ಅವರು ಆಗಲೇ ಅವನ ಜಾಗಕ್ಕೆ ಬೇರೊಬ್ಬನನ್ನು ತಂದುಕೊಂಡಿದ್ದರು. ನಾಳೆ ಹೊಸ ತಂಡದ ವೈದ್ಯರು ಕೈ ಪರೀಕ್ಷಿಸಿ ಸರಿಯಿದೆ ಎಂದರೆ, ಏಳು ವರ್ಷದ ಕರಾರಿಗೆ ಸಹಿಯೊಂದೇ ಬಾಕಿ.

"ಅಪ್ಪಾ, ಜೇನಿನ ಬಾಟ್ಲಿ ಕೊಡು," ಎಂದು ಮಗಳು ಕಪಾಟಿನ ಮೇಲುಗಡೆ ತೋರಿಸಿದಳು. ಎಲಾದಿಯೊ ಎದ್ದು ಬಲಗೈ ಚಾಚಿದ. ಅದು ಭುಜದ ಎತ್ತರದವರೆಗೆ ಏರಿ ನಿಂತುಬಿಟ್ಟಿತು. ಮೆಲ್ಲಗೆ ಅದನ್ನು ಇಳಿಸಿ, ಎಡಗೈಯಿಂದ ಬಾಟ್ಲಿ ತೆಗೆದುಕೊಟ್ಟ.

ಹ್ಯಾಸ್ಕೆಲ್‌ನ ಮುಖ ಬಿಳಿಚಿತು. "ಯಾವಾಗಿಂದ?"

"ಆಗಸ್ಟಿಂದ," ಎಂದ ಎಲಾದಿಯೊ. "ಬೆಳಿಗ್ಗೆ ಎದ್ದಾಗ ಮಾತ್ರ ಹಿಡ್ಕೊಳ್ಳತ್ತೆ. ಆಮೇಲೆ ಸರಿಹೋಗತ್ತೆ."

"ಈಗ ಮಧ್ಯಾಹ್ನ ದಾಟಿದೆಯಲ್ಲೋ," ಎಂದ ಹ್ಯಾಸ್ಕೆಲ್.