ಎದುರಾಳಿ ಗೋಲ್‌ಕೀಪರಿನ ಅಪ್ಪ

“ಇದನ್ನ ಅಪ್ಪನಾಗಿ ಹೇಳ್ತಿದ್ದೀರೋ, ವಿಶ್ಲೇಷಕರಾಗಿಯೋ?” ಮ್ಯಾನೇಜರ್ ಪರದೆಯ ಮೇಲಿನ ವಿಡಿಯೋ ನಿಲ್ಲಿಸಿ ಕೇಳಿದರು.

ಪರದೆಯಲ್ಲಿ ಎದುರಾಳಿ ತಂಡದ ಗೋಲ್‌ಕೀಪರ್ ಬಲಕ್ಕೆ ಹಾರಿ ಅಡ್ಡಬಿದ್ದಿದ್ದಳು. ಚೆಂಡು ಅವಳ ಎಡಕ್ಕೆ ಬಲೆ ಸೇರಿತ್ತು. ಅವಳು ವಿಶ್ಲೇಷಕರ ಒಬ್ಬಳೇ ಮಗಳು. ಅದು ಕೋಣೆಗೆಲ್ಲ ಗೊತ್ತು.

ಬೆಳಗಿನಿಂದ ಅವರು ಆ ತಂಡವನ್ನು ಈರುಳ್ಳಿಯಂತೆ ಸುಲಿದಿಟ್ಟಿದ್ದರು. ನಡುಮೈದಾನ ಗಟ್ಟಿ, ಅಲ್ಲಿ ತಲೆ ಚಚ್ಚಿಕೊಳ್ಳಬೇಡಿ. ಬಲ ಅಂಚಿನವಳು ಮುಂದೆ ಓಡಿದರೆ ಹಿಂದಿರುಗುವುದನ್ನೇ ಮರೆಯುತ್ತಾಳೆ, ಆ ದಾರಿ ಹಿಡಿಯಿರಿ. ಅಲ್ಲಿಯವರೆಗೆ ಯಾರದೂ ತಕರಾರಿಲ್ಲ. ಪೆನಾಲ್ಟಿ ಸಿಕ್ಕರೆ ನಾವು ಒದೆಯುವ ಮೊದಲೇ ಕೀಪರ್ ಬಲಕ್ಕೆ ವಾಲುತ್ತಾಳೆ, ಅವಳ ಎಡಕ್ಕೆ ಹೊಡೆಯಿರಿ ಎಂದದ್ದೇ ತಡ, ಎಲ್ಲರ ಹುಬ್ಬು ಮೇಲೇರಿತು.

“ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ,” ಎಂದರು ಮ್ಯಾನೇಜರ್.

“ಮುದ್ದೆಲ್ಲ ಮನೇಲಿ ಸಾರ್. ಇಲ್ಲಿ ಹೆಗ್ಗಣಕ್ಕೆ ಬೋನೇ.”

ಆಟ ಸಾಲದೆಂದು ಹೆಂಡತಿಯ ತಂಗಿಯನ್ನೇ ತಂಡದಿಂದ ತೆಗೆಸಿ, ಅತ್ತೆಮನೆಯ ಹೊಸಿಲು ತುಳಿಯಲಾಗದಂತೆ ಮಾಡಿಕೊಂಡ ಮನುಷ್ಯ. ಮಗಳೊಂದಿಗೂ ಆ ವಾರ ‘ಉಪ್ಪು ಕೊಡು’ ಬಿಟ್ಟರೆ ಮಾತಿರಲಿಲ್ಲ. ತನ್ನ ಮಾತು ಸುಳ್ಳಾದರೆ ಮತ್ತೆ ಈ ಕೋಣೆಗೆ ಕಾಲಿಡುವುದಿಲ್ಲ ಎಂದು ಎಲ್ಲರೆದುರು ಹೇಳಿ, ಎದೆ ಸೆಟೆಸಿ ಕುಳಿತರು.

ಫೈನಲ್‌ನ ಕೊನೆಗಳಿಗೆಯಲ್ಲಿ ಒಂದು ಗೋಲಿನಿಂದ ಹಿಂದಿದ್ದಾಗ ಪೆನಾಲ್ಟಿ ಸಿಕ್ಕೇಬಿಟ್ಟಿತು. ನಾಯಕಿ ಚೆಂಡಿಟ್ಟು ಒಮ್ಮೆ ಬೆಂಚಿನತ್ತ ನೋಡಿದಳು. ವಿಶ್ಲೇಷಕರು ತಲೆಯಾಡಿಸಿದರು. ಅವಳು ಕೀಪರಿನ ಎಡಕ್ಕೇ ಬಿಗಿಯಾಗಿ ಹೊಡೆದಳು.

ಕೀಪರ್ ಕೂದಲೆಳೆಯಷ್ಟು ಬಲಕ್ಕೆ ವಾಲಿದಳು. ಮರುಕ್ಷಣ ಎಡಕ್ಕೆ ಹಾರಿ, ಚೆಂಡನ್ನು ಎಳೆಗೂಸಿನಂತೆ ಎದೆಗವಚಿಕೊಂಡಳು. ಸೀಟಿ ಮೊಳಗಿತು. ಕಪ್ ಕೈತಪ್ಪಿತು.

“ಮಗಳಿಗೆ ಒಳ್ಳೆ ಉಡುಗೊರೇನೇ ಕೊಟ್ರಿ,” ಎಂದರು ಮ್ಯಾನೇಜರ್, ಇಡೀ ಬೆಂಚಿಗೆ ಕೇಳುವಂತೆ.

ವಿಶ್ಲೇಷಕರು ಮ್ಯಾನೇಜರರ ತೋಳು ಹಿಡಿದು ದರದರನೆ ಎಳೆದುಕೊಂಡೇ ಮೈದಾನ ದಾಟಿದರು. ಮಗಳು ಕೈಗವಸು ಬಿಚ್ಚುತ್ತಿದ್ದಳು.

“ಹುಟ್ಟಿದಾಗಿನಿಂದ ಬಲಕ್ಕೇ ಬಿದ್ದವಳು ನೀನು. ಎಡಕ್ಕೆ ಬರುತ್ತೆ ಅಂತ ಯಾರು ಹೇಳಿದ್ರು? ಇವರ ಎದುರಿಗೇ ಹೇಳು.”

ಮಗಳು ಅಪ್ಪನನ್ನೂ ಮ್ಯಾನೇಜರರನ್ನೂ ನೋಡಿ ನಕ್ಕಳು.

“ಯಾರೂ ಹೇಳ್ಲಿಲ್ಲ ಅಪ್ಪ. ನಿಮ್ಮಪ್ಪನ ತಂಡದ ದೌರ್ಬಲ್ಯ ಏನು ಅಂತ ನಮ್ಮ ಕೋಚ್ ಕೇಳಿದ್ರು. ನಮ್ಮಪ್ಪ, ಮಗಳಿಗೋಸ್ಕರಾನೂ ಸುಳ್ಳು ಹೇಳಲ್ಲ, ಅಂದೆ.”