ನೊರೆ ಬಾರದ ಜಿನ್ಸೆಂಗ್

ಅತ್ತೆಯ ಬಿ.ಪಿ. ಮಾತ್ರೆಯ ಸ್ಟ್ರಿಪ್ ತೆಂಗಿನ ಬುಡದಲ್ಲಿ ಬಿದ್ದಿರುವುದನ್ನು ಶ್ರೀವಾಣಿ ಕಂಡಳು. ಹೆಕ್ಕಿಕೊಂಡು ಒಳಗೆ ಬಂದರೆ, ಮಾವ ಗಣಪ ಹೆಗಡೆಯವರು ಬಿಸಿ ಹಾಲಿಗೆ ಒಂದು ಚಮಚ ಕಂದು ಪುಡಿ ಕದಡಿ, ಅತ್ತೆ ಸೀತಮ್ಮನ ಮುಂದೆ ಹಿಡಿದು ನಿಂತಿದ್ದರು.

“ಇನ್ನು ಆ ಮಾತ್ರೆ ಬ್ಯಾಡ. ಕೊರಿಯಾದ ಬೇರು, ಈ ಜಿನ್ಸೆಂಗ್ ಒಂದೇ ಸಾಕು. ಬಿ.ಪಿ., ಶುಗರ್, ಗಂಟುನೋವು, ಮರೆವು, ನಿಶ್ಶಕ್ತಿ...” ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದ ಹೆಗಡೆಯವರು ಡಬ್ಬಿಯ ಮೇಲಿನ ಕಾಯಿಲೆಗಳನ್ನು ಸ್ಟಾಪುಗಳ ಹೆಸರು ಕೂಗುವ ಧಾಟಿಯಲ್ಲೇ ಓದಿದರು.

ಎದುರಾಡುವುದು ಸುಲಭವಿರಲಿಲ್ಲ. ಮೊಣಕಾಲು ನೋವೆಂದು ವರ್ಷವಿಡೀ ಇಸಳೂರಿನ ಮನೆಯ ಮೆಟ್ಟಿಲಿಳಿಯದ ಮನುಷ್ಯ, ಚೈನ್ ಬಿಸಿನೆಸ್ಸಿನ ಹಾವಳಿಯ ಆ ದಿನಗಳಲ್ಲಿ ಟೈ ಕಟ್ಟಿಕೊಂಡು ಬಂದ ಏಜೆಂಟನೊಬ್ಬನಿಂದ ಈ ಡಬ್ಬಿ ಕೊಂಡಿದ್ದರು. ಎರಡೇ ತಿಂಗಳಲ್ಲಿ ಹಳೇ ಸೈಕಲ್ ಹತ್ತಿ ಶಿರಸಿ ಪೇಟೆಗೆ ಹೋಗಿಬರತೊಡಗಿದರು! ಬರುವ ಭಾನುವಾರ ಹಿರಿಯ ನಾಗರಿಕರ ಸಭೆಯಲ್ಲಿ ಪುಡಿಯ ಮಹಿಮೆಯ ಬಗ್ಗೆ ಅವರದೇ ಭಾಷಣ. ಅದನ್ನು ಕೇಳಿ ಇನ್ನೆಷ್ಟು ಮಂದಿಯ ಮಾತ್ರೆ ತೆಂಗಿನ ಬುಡ ಸೇರುವುದೋ!

ಶ್ರೀವಾಣಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಅತ್ತೆಗೆ ಕಣ್ಣೆದುರೇ ಮಾತ್ರೆ ನುಂಗಿಸಿ, ಚಿಟಿಕೆ ಪುಡಿ ಕಾಗದದಲ್ಲಿ ಕಟ್ಟಿಕೊಂಡು ಹೊರಟಳು. ಸಂಜೆ ಬಂದವಳು ಮಾವನೆದುರು ಎರಡು ಗಾಜಿನ ಕೊಳವೆ ಹಿಡಿದಳು. ಒಂದರಲ್ಲಿ ಅಂಟುವಾಳದ ನೀರು, ಇನ್ನೊಂದರಲ್ಲಿ ಪುಡಿ ಕದಡಿದ ನೀರು.

“ಮಾವಯ್ಯ, ಜಿನ್ಸೆಂಗಿನ ಸತ್ವ ಹೇಳಿದ್ರೆ ಸ್ಯಾಪೊನಿನ್. ಅಂಟುವಾಳಕ್ಕೆ ನೊರೆ ಬಪ್ಪದೂ ಅದೇ ಜಾತಿಯ ವಸ್ತುವಿಂದ. ಈಗ ನೋಡಿ.” ಎರಡನ್ನೂ ಗಲಗಲ ಕುಲುಕಿದಳು. ಅಂಟುವಾಳ ಬುಸುಬುಸು ಉಕ್ಕಿತು. ಜಿನ್ಸೆಂಗ್ ತೆಪ್ಪಗೆ ತಳ ಸೇರಿತು.

“ನೊರೆ ಬರದಿದ್ರೆ ಎಂತಾತು? ಆನು ತಿಂಬದು ಔಷಧ ಕೂಸೆ, ಸೋಪಲ್ಲ!”

ಅವಳು ಪುಡಿಯ ನೀರಿಗೆ ಒಂದು ಹನಿ ಅಯೋಡಿನ್ ಬಿಟ್ಟಳು. ನೀರು ಮಸಿಯಂತೆ ನೀಲಿಯಾಯಿತು. “ಅಯೋಡಿನ್ ನೀಲಿ ಮಾಡದು ಹಿಟ್ಟನ್ನೇ. ಇದು ಬರೀ ಹಿಟ್ಟು ಮಾವಯ್ಯ. ಬಣ್ಣ ಹಾಕಿದ್ದ ಅಷ್ಟೇ.”

“ಗಂಜಿ ವಾಸನೆ ಬತ್ತು ಹೇಳಿ ಆನು ಅವತ್ತೇ ಹೇಳಿದ್ನಲ!” ಎಂದು ಸೀತಮ್ಮ ಒಳಗಿನಿಂದಲೇ ಸೇರಿಸಿದರು.

ಹೆಗಡೆಯವರು ಕುರ್ಚಿಯಲ್ಲಿ ಕುಸಿದರು. ಅತ್ತೆಯನ್ನು ಉಳಿಸಲು ಹೋಗಿ ಮಾವನನ್ನು ಮತ್ತೆ ಕುರ್ಚಿಗೆ ಕಟ್ಟಿಹಾಕಿದೆನೇ ಎಂದು ಶ್ರೀವಾಣಿಗೆ ಕಸಿವಿಸಿಯಾಯಿತು. ಹೆಗಡೆಯವರು ಅಂಗಳದ ಸೈಕಲಿನತ್ತ ತಿರುಗಿದರು.

“ಹಂಗಾರೆ, ಪೇಟೆಯ ಏರು ಹತ್ತಿದ್ದು ಪುಡಿ ಅಲ್ದಾ?”

“ಅಲ್ಲ ಮಾವಯ್ಯ.”

“ಆನೇಯಾ?”

“ಮತ್ಯಾರು?”

ಹೆಗಡೆಯವರ ಎದೆ ಗೇಣುದ್ದ ಉಬ್ಬಿತು.

ಭಾನುವಾರ ಸಭೆಗೆ ಸೈಕಲಿನಲ್ಲೇ ಹೋದರು. ವೇದಿಕೆಯ ಮೇಲೆ ಕೊಳವೆಗಳನ್ನು ತಾವೇ ಕುಲುಕಿ ತೋರಿಸಿದರು. “ಕಂಡ್ರಲ್ಲ? ಇದರಲ್ಲಿ ಜಿನ್ಸೆಂಗ್ ಇಲ್ಲ, ಬರೀ ಹಿಟ್ಟು. ಸೈಕಲ್ ತುಳಿದದ್ದು ನಾನು! ಡಾಕ್ಟರ ಮಾತ್ರೆ ಬಿಡಬೇಡಿ, ಕಾಲು ಆಡಿಸಿ.” ಚಪ್ಪಾಳೆಯೋ ಚಪ್ಪಾಳೆ. ಅದು ನಿಲ್ಲುವಷ್ಟರಲ್ಲಿ ಟೈ ಕಟ್ಟಿದ ಏಜೆಂಟ್ ಹಿಂಬಾಗಿಲಿನಿಂದ ಮಾಯವಾಗಿದ್ದ. ಹಿಂದಿನ ಸಾಲಿನಲ್ಲಿ ಕೂತಿದ್ದ ಶ್ರೀವಾಣಿ ನೆಮ್ಮದಿಯ ಉಸಿರು ಬಿಟ್ಟಳು.

ಸಭೆ ಮುಗಿದದ್ದೇ ಹಿರಿಯರೆಲ್ಲ ಹೆಗಡೆಯವರನ್ನು ಮುತ್ತಿಕೊಂಡರು. ಗುಡ್ನಾಪುರದ ನಿವೃತ್ತ ಮಾಸ್ತರ ವೀರಪ್ಪನವರು ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿ, ಪೆನ್ನಿನ ಮುಚ್ಚಳ ತೆಗೆದು, ಗುಂಪಿನ ಪರವಾಗಿ ಕೇಳಿದರು:

“ಎಲ್ಲಾ ತಿಳೀತ್ರಿ ಹೆಗಡೇರ. ಅದು ಯಾವ ಹಿಟ್ಟು ಅಂತ ಮಾತ್ರ ಹೇಳಲಿಲ್ಲ ನೋಡ್ರಿ.”